ಅಕ್ಕ ನೋಡದಿದ್ದ ಮಂಗಳವಾರ

ನನ್ನ ಹೊಟ್ಟೇನ ನಾನೇ ಚಿವುಟಿ ನೋಡ್ಕೊಂಡೆ, ಅದು ನನ್ನ ಹೊಟ್ಟೆ ಅಂತ ಗೊತ್ತಾಗ್ಲಿಲ್ಲ. ಇದನ್ನ ಎಲ್ಲಾದ್ರೂ ಬರೆದಿಡ್ಬೇಕು ಅಂತ ಅವತ್ತೇ ಅನ್ಕೊಂಡಿದ್ದೆ. ಆದ್ರೆ ಆಗ ನನಗೆ ಫೋನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ರೆ ಬೇರೇನೂ ಗೊತ್ತಿರ್ಲಿಲ್ಲ. ಈಗ ಮೊಮ್ಮಗಳು ಕನ್ನಡ ಒತ್ತೋದು ಹೇಳ್ಕೊಟ್ಟವ್ಳೆ. ಒತ್ತಕ್ಷರ ಬಂದ್ರೆ ಸ್ವಲ್ಪ ತಿಣುಕ್ತೀನಿ, ಮಿಕ್ಕಿದ್ದೆಲ್ಲ ಬರ್ತದೆ.

ನಮ್ಮೂರು ಕುಂದಾಣದ ಪಕ್ಕ. ಮನೆ ಮೇಲೆ ವಿಮಾನ ಹೋಗುವಾಗ ನಾವು ಮಾತು ಅರ್ಧಕ್ಕೆ ನಿಲ್ಲಿಸ್ತೀವಿ, ಅದು ದಾಟಿದ್ಮೇಲೆ ಬಿಟ್ಟ ಜಾಗದಿಂದ ಶುರು ಮಾಡ್ತೀವಿ. ಜಗಳ ಆಡುವಾಗ್ಲೂ ಹಂಗೇ. ನಾನೂ ಅಕ್ಕನೂ ಎಷ್ಟೋ ಜಗಳ ಹಂಗೆ ಮಧ್ಯದಲ್ಲಿ ಮರ್ತುಬಿಟ್ಟಿದ್ದೀವಿ.

ಅಕ್ಕ ಅಂದ್ರೆ ಒಡಹುಟ್ಟಿದೋಳಲ್ಲ. ನಮ್ಮ ಭಾವನ ಹೆಂಡ್ತಿ, ನನ್ನ ವಾರಗಿತ್ತಿ. ಒಂದೇ ಅಂಗಳ, ಎರಡು ಬಾಗ್ಲು. ಆ ಕಡೆ ಅಕ್ಕ, ಅಕ್ಕನ ಮಗ ಸೊಸೆ. ಈ ಕಡೆ ನಾನು, ನನ್ನ ಮಗ ಸೊಸೆ. ಎತ್ತರದ ಹೆಂಗಸು ನಮ್ಮಕ್ಕ. ಒಂದ್ಸಲ ಕಣದಲ್ಲಿ ಹೋರಿ ಹಗ್ಗ ಕಿತ್ಕೊಂಡಾಗ ಗಂಡಸ್ರೆಲ್ಲ ಬಣವೆ ಹಿಂದೆ ನಿಂತಿದ್ರು, ಅಕ್ಕ ನೇರ ಹೋಗಿ ಮೂಗುದಾರ ಹಿಡ್ಕೊಂಡು ಅದನ್ನ ಬೈತಾ ಕರ್ಕೊಂಡು ಬಂದ್ಲು. ಅಂಥೋಳಿಗೆ ಒಂದೇ ಒಂದು ಭಯ, ಆಪರೇಷನ್ ಆದ್ಮೇಲಿನ ನೋವು.

ಅದಕ್ಕೆ ಕಾರಣ ಇತ್ತು ಅನ್ನಿ. ಹಿಂದೆ ಯಾವಾಗ್ಲೋ ಗರ್ಭಕೋಶ ತೆಗ್ಸಿದಾಗ ಹೊಟ್ಟೇನ ಉದ್ದಕ್ಕೂ ಕುಯ್ದಿದ್ರು. ಕೆಮ್ಮಕ್ಕಾಗ್ದು, ಸೀನಕ್ಕಾಗ್ದು, ಮಗ್ಗುಲಾಗಕ್ಕೂ ಆಗ್ದು. ನೋಡೋಕೆ ಅಂತ ಹೋದ ನಾನು ಪಕ್ಕದ ಮಂಚದೋರ ಗೊರಕೆ ಬಗ್ಗೆ ಏನೋ ಅಂದೆ. ಅಕ್ಕಂಗೆ ನಗು ಬಂತು, ನಗ್ತಾ ನಗ್ತಾನೇ ಅತ್ತುಬಿಟ್ಲು. ಅವತ್ತಿಂದ ನಾನು ಬಾಯಿ ತೆಗೆದ್ರೆ ಮೊದ್ಲು ಎರಡು ಕೈಯಲ್ಲೂ ಹೊಟ್ಟೆ ಹಿಡ್ಕೊಂಡು, ಆಮೇಲೆ ಏನು ಅಂತ ಕೇಳ್ತಾಳೆ.

ಏರ್‌ಪೋರ್ಟ್ ಬಂದು ಒಂದಷ್ಟು ವರ್ಷ ಆದ್ಮೇಲೆ ನಮ್ಮಿಬ್ರಿಗೂ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾಯ್ತು. ಸ್ಕ್ಯಾನಿಂಗಿಗೆ ಹೋಗಿದ್ದು ಅಕ್ಕ. ಜೊತೇಗೆ ಹೋದ ನನಗೂ ಊಟ ಆದ್ಮೇಲೆ ಎದೆ ಕೆಳಗೆ ಹಿಡ್ಕೋತಾ ಇತ್ತಲ್ಲ, ಮಾಡಿಸ್ಕೊಂಡೆ. ನಂದು ಒಂದೇ ಒಂದು ದಪ್ಪ ಕಲ್ಲು, ಗುಂಡುಕಲ್ಲಿನ ಹಂಗೆ ತೆಪ್ಪಗೆ ಕೂತಿತ್ತು. ಅಕ್ಕಂದು ಸಾಸಿವೆ ಥರ ಸಣ್ಣ ಸಣ್ಣವು. ನಾನು ಗೆದ್ದೋಳ ಹಂಗೆ ಅಕ್ಕನ ಮುಖ ನೋಡಿದ್ರೆ, ಡಾಕ್ಟ್ರು ಬೇರೆ ಕತೆ ಹೇಳಿದ್ರು. ದಪ್ಪಂದು ಜಾಗ ಬಿಟ್ಟು ಅಲ್ಲಾಡೋದು ಕಷ್ಟ, ಸಣ್ಣವೇ ಜಾರೋದು, ಜಾರಿ ನಾಳದಲ್ಲಿ ಸಿಕ್ಕಾಕ್ಕೊಂಡ್ರೆ ಕಾಮಾಲೆ ಆಗಿ ಜೀವಕ್ಕೇ ಕುತ್ತು ಬರಬೋದು ಅಂದ್ರು. ಅಕ್ಕನ ಕಣ್ಣು ಅದಕ್ಕೆ ಮುಂಚೆ ಒಂದ್ಸಲ ಹಳದಿ ತಿರುಗಿ ತಾನೇ ಇಳ್ದಿತ್ತು. ಇನ್ನೊಂದ್ಸಲ ಹಂಗಾಗೋ ತನಕ ಕಾಯ್ಬೇಡಿ ಅಂತ ಡಾಕ್ಟ್ರು ಅಕ್ಕನ ಮಗಂಗೆ ಎರಡೆರಡು ಸಲ ಹೇಳಿದ್ರು.

ಅಕ್ಕ ಒಪ್ಲಿಲ್ಲ. ಬಾಳೆದಿಂಡಿನ ರಸ ಕುಡಿದ್ಲು, ಹುರುಳಿ ಬೇಯಿಸಿದ ನೀರು ಕುಡಿದ್ಲು. ಅದು ಮೂತ್ರದ ಕಲ್ಲಿಗೆ ಕುಡಿಯೋದು ಕಣಕ್ಕ ಅಂದ್ರೆ, ಕಲ್ಲಿಗೇನು ವಿಳಾಸ ಬರ್ದಿರ್ತದಾ ಅಂತ ನನ್ನೇ ಕೇಳಿದ್ಲು. ಅವರೆಕಾಯಿ ಸಾರಿಗೆ ಒಗ್ಗರಣೆ ಜೋರಾದ ದಿನ ಗೋಡೆ ಹಿಡ್ಕೊಂಡು ಬೆವರ್ತಾ ನಿಲ್ಲೋಳು. ನೋಡಕ್ಕಾಗ್ತಿರ್ಲಿಲ್ಲ.

ಅದಕ್ಕೆ ನಾನು ಅಂದೆ: “ಮೊದ್ಲು ನಾನು ಮಾಡಿಸ್ಕೊಂಡು ಬರ್ತೀನಿ. ನೀನು ಬಂದು ನೋಡು. ನಾನು ನೋವು ಅಂತ ಅತ್ರೆ ನೀನು ಮನೇಲೇ ಇರು.”

ನೀನು ಅತ್ರೂ ಆಟ ಆಡ್ತೀಯ, ನಕ್ರೂ ಆಟ ಆಡ್ತೀಯ, ಆದ್ರೂ ಬಂದು ನೋಡ್ತೀನಿ ಅಂದ್ಲು ಅಕ್ಕ.

ಆಸ್ಪತ್ರೆ ದೇವನಹಳ್ಳಿ ಕಡೆ, ಹೈವೇ ಪಕ್ಕ. ಅಲ್ಲಿಗೆ ಹೊಟ್ಟೆ ಆಪರೇಷನ್ ಮಾಡೋ ಡಾಕ್ಟ್ರು ಸೋಮವಾರ ಮಾತ್ರ ಬರೋರು. ಕುಯ್ಯಂಗಿಲ್ಲ, ನಾಲ್ಕು ತೂತು ಮಾಡಿ, ಹೊಟ್ಟೆಗೆ ಗಾಳಿ ತುಂಬಿ, ಒಂದು ತೂತಿಂದ ಕ್ಯಾಮೆರಾ ಬಿಟ್ಟು ಟೀವಿ ನೋಡ್ಕೊಂಡು ಕೆಲಸ ಮಾಡ್ತಾರೆ. ಅಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದನ್ನ ಮತ್ತಿನ ಇಂಜೆಕ್ಷನ್ ಕೊಡೋ ಡಾಕ್ಟ್ರಮ್ಮ ಬಂದು ಹೇಳಿದ್ಲು. ಚಿಕ್ಕ ವಯಸ್ಸಿನ ಹುಡುಗಿ, ಕೂದ್ಲೆಲ್ಲ ಟೋಪಿ ಒಳಗೆ ಕಟ್ಕೊಂಡಿದ್ಲು. ನಿಮಗೆ ಪೂರ್ತಿ ಮತ್ತು ಕೊಡ್ತೀನಿ, ಅದ್ರ ಜೊತೆ ಹೊಟ್ಟೆಗೆ ಎರಡೂ ಕಡೆ ಒಂದು ಬ್ಲಾಕ್ ಕೊಡ್ತೀನಿ, ಎಚ್ಚರ ಆದ್ಮೇಲೆ ನೋವು ಕಮ್ಮಿ ಇರ್ತದೆ ಅಂದ್ಲು.

ಬ್ಲಾಕ್ ಅಂದ್ರೆ ನಮ್ಮೂರಲ್ಲಿ ಹಾರ್ಟಿಗೆ ಆಗೋದು. ನನ್ನ ಮುಖ ನೋಡಿ ಆ ಹುಡುಗಿ ನಕ್ಕು, ಅದಲ್ಲ ಅಜ್ಜಿ, ನರಕ್ಕೆ ಕೊಡೋದು ಅಂದ್ಲು. ಬೆನ್ನಿಗಾ ಅಂತ ಕೇಳ್ದೆ. ಬೆನ್ನಿನ ಇಂಜೆಕ್ಷನ್ ಬಗ್ಗೆ ನಮ್ಮೂರ ಹೆಂಗಸ್ರಿಗೆ ಇರೋ ಸಿಟ್ಟು ನಿಮಗೆ ಗೊತ್ತಲ್ಲ, ಸೊಂಟ ನೋವು ಬಂದ್ರೂ ಅದ್ರಿಂದ, ಹಟ್ಟಿ ಗುಡಿಸಕ್ಕೆ ಬೇಜಾರಾದ್ರೂ ಅದ್ರಿಂದ. ಬೆನ್ನಿಗಲ್ಲ, ಪಕ್ಕೆಗೆ, ಅದೂ ನೀವು ನಿದ್ದೇಲಿ ಇರುವಾಗ ಅಂದ್ಲು.

ಅದು ಕೇಳಿ ನನಗೆ ಬೇಜಾರಾಯ್ತು. ನೋಡೋ ಅಂಥದ್ದೆಲ್ಲ ನಾನು ಮಲಗಿದ್ಮೇಲೇನಾ ಆಗೋದು? ಹಂಗೇ ಅಂದೂಬಿಟ್ಟೆ. ಸ್ವಲ್ಪ ತೋರಿಸ್ತೀನಿ ಅಜ್ಜಿ ಅಂದ್ಲು ಡಾಕ್ಟ್ರಮ್ಮ. ಒಳಗೆ ಟೇಬಲ್ ಮೇಲೆ ಮಲಗಿಸಿದ್ಮೇಲೆ, ಮತ್ತು ಕೊಡೋಕ್ ಮುಂಚೆ, ಬಸುರಿ ಹೆಂಗಸ್ರಿಗೆ ಹಿಡಿತಾರಲ್ಲ ಅಂಥದ್ದೇ ಸ್ಕ್ಯಾನಿಂಗ್ ಮಿಷಿನ್ ತಂದು ನನ್ನ ಪಕ್ಕೆ ಮೇಲೆ ಇಟ್ಟು, ಟೀವಿ ನನ್ನ ಕಡೆ ತಿರುಗ್ಸಿದ್ಲು. ಜೆಲ್ಲಿ ತಣ್ಣಗೆ ಕೊರೀತಿತ್ತು.

ನನ್ನ ಹೊಟ್ಟೆ ಗೋಡೆ ಒಳಗೆ ಪಟ್ಟೆ ಪಟ್ಟೆ. ಬಾಳೆದಿಂಡು ಅಡ್ಡಕ್ಕೆ ಕುಯ್ದ್ರೆ ಒಂದ್ರ ಮೇಲೊಂದು ಪದರ ಕಾಣ್ತದಲ್ಲ, ಅಚ್ಚು ಹಂಗೇ. ಮೇಲಿಂದು ಕೊಬ್ಬು ಅಂದ್ಲು. ಅದು ದಪ್ಪ ಇತ್ತು, ಯಾರ್ದು ಅಂತ ಕೇಳೋಣ ಅನ್ನಿಸ್ತು. ಅದ್ರ ಕೆಳಗೆ ಮೂರು ಪದರ ಮಾಂಸ. ಕೆಳಗಿನ ಎರಡ್ರ ಮಧ್ಯ ಬಿಳಿ ಗೆರೆ. ಬೆನ್ನ ಕಡೆಯಿಂದ ಬರೋ ಸಣ್ಣ ನರಗಳು ಆ ಸಂದೀಲಿ ಹಾದು ಹೊಟ್ಟೆ ಮುಂದಕ್ಕೆ ಬರ್ತವಂತೆ. ಸೂಜೀನ ನೋಡ್ಕೊಂಡೇ ಆ ಸಂದಿ ತನಕ ಬಿಟ್ಟು, ಔಷಧಿ ಹಾಕಿದ್ರೆ ಅದು ಪದರದ ಮಧ್ಯ ಹರಡ್ಕೊಂಡು ನರಗಳನ್ನ ಮಲಗಿಸ್ತದಂತೆ. ಹೊಟ್ಟೆ ಗೋಡೆಯಿಂದ ನೋವಿನ ಸುದ್ದಿ ತಲೆಗೆ ಹೋಗಲ್ಲ.

ನಮ್ಮ ದ್ರಾಕ್ಷಿ ತೋಟದಲ್ಲಿ ಡ್ರಿಪ್ ಪೈಪಿಗೆ ಗೇಟ್‌ವಾಲ್ ತಿರುಗ್ಸಿದಂಗೆ ಅಂತ ನನಗೆ ತಕ್ಷಣ ಗೊತ್ತಾಗೋಯ್ತು. ಮೋಟ್ರು ಓಡ್ತಾನೇ ಇರ್ತದೆ, ಈ ಸಾಲಿಗೆ ಮಾತ್ರ ನೀರಿಲ್ಲ. ಹಂಗಾದ್ರೆ ಒಳಗಿನ ಪಿತ್ತಕೋಶದ ನೋವು ಅಂತ ಕೇಳ್ದೆ. ಒಳಗಿಂದಕ್ಕೆ ಬೇರೆ ಲೈನು, ಅದಕ್ಕೆ ಈ ಬ್ಲಾಕ್ ಸಾಲಲ್ಲ, ಬೇರೆ ಔಷಧಿ ಕೊಡ್ತೀವಿ ಅಂದ್ಲು. ಇನ್ನೂ ಏನೋ ಕೇಳ್ಬೇಕಿತ್ತು, ಅಷ್ಟೊತ್ತಿಗೆ ಮೂಗಿನ ಮೇಲೆ ಏನೋ ಇಟ್ರು. ಪ್ರಶ್ನೆ ಬಾಯಲ್ಲೇ ಉಳ್ಕೊಂತು.

ಎಚ್ಚರ ಆದಾಗ ಸಾಯಂಕಾಲದ ಬಿಸ್ಲು ಗೋಡೆ ಮೇಲೆ ಬಿದ್ದಿತ್ತು. ಮೊದ್ಲು ಕೈ ಹೊಟ್ಟೆ ಮೇಲೆ ಹೋಯ್ತು. ಪಟ್ಟಿ ಅಂಟ್ಸಿದ್ರು. ಪಟ್ಟಿ ಪಕ್ಕದಲ್ಲಿ ಮೆತ್ತಗೆ ಚಿವುಟ್ದೆ. ಕೈಗೆ ಹೊಟ್ಟೆ ಸಿಕ್ತು, ಹೊಟ್ಟೆಗೆ ಕೈ ಸಿಗ್ಲಿಲ್ಲ. ಪಕ್ಕದ್ಮನೆಯೋರ ಹೊಟ್ಟೆ ಮುಟ್ಟಿದಂಗಿತ್ತು. ಒಳಗೆ ಆಳದಲ್ಲಿ ಏನೋ ಮಂದವಾಗಿ ಹಿಂಡ್ದಂಗೆ ಇತ್ತು, ಅದೂ ದೂರದಲ್ಲಿ. ನಾನು ಇನ್ನೊಂದು ಕಡೆ ಚಿವುಟ್ದೆ, ಮೇಲೆ ಚಿವುಟ್ದೆ, ಎಲ್ಲಿ ತನಕ ನನ್ನದಲ್ಲ, ಎಲ್ಲಿಂದ ನನ್ನದು ಅಂತ ಗಡಿ ಹುಡುಕ್ತಾ ಕೂತೆ. ಸಿಸ್ಟರ್ ಬಂದು ಕೈ ಎತ್ತಿ ಪಕ್ಕಕ್ಕಿಟ್ಲು.

ಅಕ್ಕ ಬಂದಿದ್ದು ಆಗ. ಒಂದು ಪೌಂಡ್ ಬ್ರೆಡ್ಡು, ಎಳನೀರು, ಮುಖದ ಮೇಲೆ ಅರ್ಧ ಸಾವಿನ ಕಳೆ. ಬಾಗ್ಲಲ್ಲೇ ನಿಂತು ನಾನು ನರಳ್ತೀನಾ ಅಂತ ಕಿವಿ ಕೊಟ್ಲು. ನಮ್ಮ ಕಡೆ ಆಪರೇಷನ್ ಆದೋರು ನೋಡೋಕೆ ಬಂದೋರ ಮುಂದೆ ಸ್ವಲ್ಪ ನರಳ್ಬೇಕು, ಅದು ಒಂಥರಾ ಮರ್ಯಾದೆ. ನಾನು ಬಾ ಕೂತ್ಕೋ ಅಂತ ನಕ್ಕೆ. ಅಕ್ಕಂಗೆ ಗಾಬರಿ ಆಗೋಯ್ತು, ನನ್ನ ಹೊಟ್ಟೆ ಹಿಡ್ಕೊಳ್ಳೋ ಬದ್ಲು ತನ್ನ ಹೊಟ್ಟೆ ಹಿಡ್ಕೊಂಡ್ಲು.

“ನಗ್ಬೇಡ್ವೇ, ಹೊಲಿಗೆ ಬಿಚ್ಕೊಂಡಾತು.”

“ಚಿವುಟಿ ನೋಡು,” ಅಂದೆ.

ಬೇಡ ಬೇಡ ಅಂತ್ಲೇ ಬಗ್ಗಿ ನನ್ನ ಪಕ್ಕೆ ಚಿವುಟಿದ್ಲು. ಒಳ್ಳೆ ಚಿವುಟೇ ಅದು, ಆಮೇಲೆ ನೋಡಿದ್ರೆ ಉಗುರಿನ ಗುರ್ತು ಇತ್ತು. ನನಗೆ ಯಾರೋ ಸೀರೆ ಎಳ್ದಂಗಾಯ್ತು, ಅಷ್ಟೇ. ಅಕ್ಕ ತನ್ನ ಬೆರಳೇ ನೋಡ್ಕೊಂಡ್ಲು.

ಆದ್ರೆ ನನ್ನ ಬಲಗಡೆ ಹೆಗಲು ನೋಯ್ತಿತ್ತು. ಅದನ್ನ ಹೇಳಿದ್ದೇ ತಡ ಅಕ್ಕಂಗೆ ಅನುಮಾನ ಬಂತು. ಹೊಟ್ಟೆ ತೂತು ಮಾಡಿದ್ರೆ ಹೆಗಲು ಯಾಕೆ ನೋಯ್ತದೆ, ಇವ್ರು ಎಲ್ಲಿ ಆಪರೇಷನ್ ಮಾಡವ್ರೆ, ಮಾಡವ್ರೋ ಇಲ್ವೋ ಅಂತ. ಡಾಕ್ಟ್ರಮ್ಮ ನೋಡೋಕೆ ಬಂದಾಗ ನಾನೇ ಕೇಳ್ದೆ. ಹೊಟ್ಟೆಗೆ ತುಂಬಿದ್ದ ಗಾಳಿ ಸ್ವಲ್ಪ ಉಳ್ಕೊಂಡು ಮೇಲೆ ಎದೆ ಕೆಳಗಿನ ಪರದೆಗೆ ತಾಗ್ತದೆ, ಆ ಪರದೆ ನರ ಹೆಗಲ ನರ ಒಂದೇ ಕಡೆಯಿಂದ ಬರೋದ್ರಿಂದ ಹೆಗಲು ನೋಯ್ತಿರೋ ಹಂಗೆ ಅನ್ನಿಸ್ತದೆ, ತಾನೇ ಹೋಗ್ತದೆ ಅಂದ್ಲು. ನಾನು ವಾಯು ಹೊಟ್ಟೆಯಿಂದ ಹೆಗಲಿಗೆ ಹತ್ತೈತೆ ಅಂದಾಗೆಲ್ಲ ನನ್ನ ಮಗ ನಗ್ತಿದ್ದ. ಅವನೂ ಅಲ್ಲೇ ನಿಂತಿದ್ದ. ನಾನು ಅವನ ಮುಖಾನೇ ನೋಡ್ದೆ, ಅವನು ಎಳನೀರು ಕೊಚ್ಚಿಸ್ಕೊಂಡು ಬರ್ತೀನಿ ಅಂತ ಹೊರಗೆ ಹೋದ.

ಅಕ್ಕ ಹೊರಡುವಾಗ ನಾಳೆ ಬರಲ್ಲ ಕಣೇ, ಮಂಗಳವಾರ, ಅಂದ್ಲು. ಮಂಗಳವಾರ ಕಾಯಿಲೆಯೋರನ್ನ ನೋಡೋಕೆ ಹೋಗಂಗಿಲ್ಲ, ಹೋದ್ರೆ ಕಾಯಿಲೆ ವಾಪಸ್ ಬರ್ತದೆ, ಅದು ನಮ್ಮ ಅತ್ತೆ ಕಾಲದಿಂದ ಬಂದಿದ್ದು. ನಾನೂ ಮಂಗಳವಾರ ಆಸ್ಪತ್ರೆ ಬಿಟ್ಟು ಮನೆಗೆ ಬರಂಗಿಲ್ಲ. ಬುಧವಾರ ಮನೇಲೇ ನೋಡೋಣ ಅಂತ ಮಾತಾಯ್ತು. ಅಕ್ಕ ಹೋಗುವಾಗ ಹೆಜ್ಜೆ ಹಗುರ ಆಗಿತ್ತು. ನಾನು ಗಮನಿಸ್ದೆ.

ಇನ್ನು ಮಾತ್ರೆ ವಿಷಯ. ಸಾಯಂಕಾಲ ಗಂಜಿ ಕುಡಿದ್ಮೇಲೆ ಸಿಸ್ಟರ್ ನೋವಿನ ಮಾತ್ರೆ ತಂದುಕೊಟ್ಲು. ನೋವೇ ಇಲ್ವಲ್ಲ ತಾಯಿ, ಆ ಕಡೆ ಮಂಚದ ಯಮ್ಮ ಒದ್ದಾಡ್ತಾವ್ಳೆ, ಅವಳಿಗೆ ಕೊಡು ಅಂದೆ. ಇದು ನಿಮ್ದು, ನೀವೇ ನುಂಗ್ಬೇಕು ಅಂತ ಕೈಯಲ್ಲಿಟ್ಟು, ಯಾರೋ ಕರೆದ್ರು ಅಂತ ಓಡಿದ್ಲು. ಮಾತ್ರೆ ಉಷ್ಣ. ಇಲ್ದಿರೋ ನೋವಿಗೆ ಉಷ್ಣ ಯಾಕೆ ಮಾಡ್ಕೊಳ್ಳೋದು ಅಂತ ದಿಂಬಿನ ಕೆಳಗೆ ಇಟ್ಟೆ. ಮಲಗೋಕ್ ಮುಂಚೆ ಇನ್ನೊಂದು ಬಂತು, ಅದೂ ಅಲ್ಲೇ ಹೋಯ್ತು. ನಮ್ಮ ಮನೇಲಿ ಎಲ್ರೂ ಹಂಗೇ, ತಲೆ ಸಿಡಿಯೋ ತನಕ ಮಾತ್ರೆ ಮುಟ್ಟಲ್ಲ, ಮುಟ್ಟದೇ ಇದ್ದಿದ್ದನ್ನ ಊರೆಲ್ಲ ಹೇಳ್ಕೊಂಡು ಬರ್ತೀವಿ.

ಮಂಗಳವಾರ ಬೆಳಿಗ್ಗೆ ಕಾಫಿ ಬರೋ ಹೊತ್ತಿಗೆ ನನ್ನ ಹೊಟ್ಟೆ ನನಗೆ ವಾಪಸ್ ಬಂತು. ಒಂದೇ ಸಲಕ್ಕಲ್ಲ. ಕರೆಂಟ್ ಹೋಗಿ ಬರುವಾಗ ಮೊದ್ಲು ಕೆಳಗಿನ ಬೀದಿಗೆ ಬಂದು ಆಮೇಲೆ ನಮ್ಮ ಬೀದಿಗೆ ಬರ್ತದಲ್ಲ, ಹಂಗೆ ಮೊದ್ಲು ಬಲಗಡೆ ಪಕ್ಕೆ, ಆಮೇಲೆ ಹೊಕ್ಕಳ ಹತ್ರ, ಆಮೇಲೆ ಎಲ್ಲಾ ಕಡೆ. ಮೊದಮೊದ್ಲು, ಓ ಇಲ್ಲೊಂದು ತೂತು ಮಾಡವ್ರೆ, ಇಲ್ಲೊಂದು, ಅಂತ ಒಂದೊಂದೇ ಲೆಕ್ಕ ಹಾಕ್ತಾ ಇದ್ದೆ, ಮಜವಾಗೇ ಇತ್ತು. ಒಂದು ಕೆಮ್ಮು ಬಂತು ನೋಡಿ, ಮಜ ಎಲ್ಲ ಅಲ್ಲಿಗೆ ಮುಗೀತು. ಕಣ್ಣಲ್ಲಿ ನೀರು ಬಂದ್ಬಿಡ್ತು. ಮಗ ಸಿಸ್ಟರನ್ನ ಕರ್ಕೊಂಡು ಬಂದ. ಅವಳು ನನ್ನ ಎತ್ತಿ ಕೂರಿಸೋಕೆ ದಿಂಬು ಸರಿ ಮಾಡುವಾಗ ಕೆಳಗಿದ್ದ ಮಾತ್ರೆ ಎರಡೂ ಸಿಕ್ಕಿದ್ವು. ಅವಳು ಅಂಗೈ ಮೇಲಿಟ್ಕೊಂಡು ಮಗನಿಗೆ ತೋರ್ಸಿದ್ಲು. ಬೈದಿದ್ದು ಮಗ.

ಇಂಜೆಕ್ಷನ್ ಕೊಟ್ರು. ಅದು ಹತ್ತೋ ತನಕ ನಾನು ಮಂಚದ ಸರಳು ಹಿಡ್ಕೊಂಡಿದ್ದೆ. ಆಮೇಲೆ ಡಾಕ್ಟ್ರಮ್ಮ ಬಂದ್ಲು, ಹತ್ತಕ್ಕೆ ಎಷ್ಟು ನೋವು ಅಜ್ಜಿ ಅಂತ ಕೇಳಿದ್ಲು. ಪರೀಕ್ಷೆ ಮಾರ್ಕ್ಸ್ ಥರ. ಏಳು ಅಂದೆ. ಮಾತ್ರೆ ಕತೆ ಕೇಳಿ ತಲೆ ಅಲ್ಲಾಡಿಸಿದ್ಲು. ನನ್ನ ಮಗ ಏರ್‌ಪೋರ್ಟಲ್ಲಿ ಲಗೇಜು ಸೆಕ್ಷನ್ ಕೆಲಸಕ್ಕೆ ಹೋಗೋದು ಅವಳಿಗೆ ಗೊತ್ತಿತ್ತು.

“ನಿಮ್ಮ ಮಗ ಶಿಫ್ಟ್ ಮುಗೀತು ಅಂತ, ಮುಂದಿನೋರು ಬರೋಕ್ ಮುಂಚೆ ಎದ್ದು ಬಂದ್ಬಿಡ್ತಾರಾ?”

“ಹಂಗೆ ಬಂದ್ರೆ ಕೆಲಸ ಹೋಗ್ತದೆ,” ಅಂದ ಮಗ.

ಅಷ್ಟೇ ಅಜ್ಜಿ, ಅಂದ್ಲು. ಬ್ಲಾಕ್ ಒಂದು ಶಿಫ್ಟು, ಸ್ವಲ್ಪ ಹೊತ್ತು ಕೆಲಸ ಮಾಡಿ ಇಳ್ದೋಗ್ತದೆ. ಅದು ಇಳಿಯೋಕ್ ಮುಂಚೆನೇ ಮಾತ್ರೆ ಹೊಟ್ಟೆ ಸೇರಿ ಕೂತಿರ್ಬೇಕು. ನೋವು ಬಂದ್ಮೇಲೆ ಅದನ್ನ ಹಿಡಿಯೋದು ಕಷ್ಟ, ಬರೋಕ್ ಮುಂಚೆ ಹಿಡಿಯೋದು ಸುಲಭ. ಅವತ್ತಿಂದ ಗಡಿಯಾರ ನೋಡ್ಕೊಂಡು ನುಂಗ್ದೆ. ಮಧ್ಯಾಹ್ನದ ಮೇಲೆ ಎದ್ದು ಓಡಾಡ್ದೆ. ಬುಧವಾರ ಮನೆಗೆ ಬರೋ ಹೊತ್ತಿಗೆ ಸೊಂಟಕ್ಕೆ ಕೈ ಕೊಟ್ಕೊಂಡು ಆರಾಮಾಗೇ ಅಂಗಳ ದಾಟ್ದೆ.

ಅಕ್ಕ ನೋಡಿದ್ದು ಆ ಸೋಮವಾರದ ಚಿವುಟು, ಈ ಬುಧವಾರದ ನಡಿಗೆ. ಮಧ್ಯದ ಮಂಗಳವಾರ ಅವಳು ನೋಡ್ಲೇ ಇಲ್ಲ. ನಾನು ಕಾಲು ತೊಳ್ಕೊಂಡು ಒಳಗೆ ಕೂರೋ ಅಷ್ಟೊತ್ತಿಗೆ ಅಕ್ಕ ಊರಿಗೆಲ್ಲ ಸುದ್ದಿ ಹರಡಿಬಿಟ್ಟಿದ್ಲು, ಈಗ ಒಂದು ಹೊಸ ಇಂಜೆಕ್ಷನ್ ಬಂದೈತೆ, ನೋವು ಅನ್ನೋದೇ ಇಲ್ಲ, ನಾನೇ ಕೈಯಾರೆ ಚಿವುಟಿ ಬಂದೆ ಅಂತ. ಅದ್ರ ಜೊತೆ, ಮುಂದಿನ ತಿಂಗಳು ನಾನೂ ಮಾಡಿಸ್ಕೋತೀನಿ ಅಂತ.

ಅಕ್ಕನ ಮಗ ಓಡಿ ಬಂದು ನನ್ನ ಕೈ ಹಿಡ್ಕೊಂಡ. ಅವನಿಗೆ ಮಂಗಳವಾರದ ಕತೆ ನನ್ನ ಮಗ ಹೇಳಿದ್ದ. “ಚಿಕ್ಕಮ್ಮ, ದಮ್ಮಯ್ಯ, ಅದೊಂದು ಹೇಳ್ಬೇಡ. ಹೇಳಿದ್ರೆ ಅಮ್ಮ ಈ ಜನ್ಮದಲ್ಲಿ ಒಪ್ಪಲ್ಲ.”

ನಾನು ಆಯ್ತು ಅಂದೆ. ಅದು ಅಕ್ಕನ ಜೀವದ ಪ್ರಶ್ನೆ ಅಂತ ನನಗೂ ಗೊತ್ತಿತ್ತು. ನನ್ನ ಬಾಯಿ ಬಗ್ಗೆ ಮನೆಯೋರಿಗೆಲ್ಲ ಎಷ್ಟು ನಂಬಿಕೆ ಅಂದ್ರೆ, ಆ ವಾರ ನಾನೂ ಅಕ್ಕನೂ ಇಬ್ರೇ ಕೂತಾಗೆಲ್ಲ ಯಾರಾದ್ರೊಬ್ರು ಬಂದು ಸುಮ್ನೆ ಪಕ್ಕ ನಿಲ್ಲೋರು.

ಒಂದು ಮಧ್ಯಾಹ್ನ ಯಾರೂ ಇರ್ಲಿಲ್ಲ. ಅಂಗಳದಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕ್ತಾ ಇದ್ವಿ. ನಮ್ಮಿಬ್ರಿಗೂ ಅದನ್ನ ತಿನ್ನೋ ಯೋಗ ಇಲ್ದಿದ್ರೂ ಮಕ್ಕಳಿಗೆ ಬೇಕಲ್ಲ. ಅಕ್ಕ ಆಸ್ಪತ್ರೆ ಲೆಕ್ಕಾಚಾರ ಹೇಳ್ತಿದ್ಲು. ಜೊತೆಗೆ ಯಾರೂ ಬೇಡ, ನೋವೇ ಇಲ್ದಿದ್ಮೇಲೆ ಯಾರು ಯಾಕೆ ರಜಾ ಹಾಕ್ಬೇಕು. ಬೆಡ್‌ಶೀಟು ಒಂದು ಸಾಕು. ಆಮೇಲೆ ಅಂದ್ಲು:

“ಆ ಮಾತ್ರೆಗೀತ್ರೆ ಮಾತ್ರ ನಾನು ಮುಟ್ಟಲ್ಲ ಕಣೇ. ಇಂಜೆಕ್ಷನ್ ಇರುವಾಗ ಮಾತ್ರೆ ಯಾತಕ್ಕೆ?”

ನನ್ನ ಕೈಯಲ್ಲಿದ್ದ ಕಾಳು ಸಿಪ್ಪೆ ಬಿಟ್ಟು ಎಲ್ಲೋ ಹಾರಿ ಬಿತ್ತು. ಇವಳನ್ನ ಹಿಂಗೇ ಕಳಿಸಿದ್ರೆ ಒಬ್ಳೇ ಮಲಗಿರ್ತಾಳೆ, ಮಾತ್ರೆ ದಿಂಬಿನ ಕೆಳಗೆ ಇರ್ತದೆ, ಮಂಗಳವಾರ ಬೆಳಿಗ್ಗೆ ಹೊಟ್ಟೆ ವಾಪಸ್ ಬರ್ತದೆ. ನನಗಾದ್ರೆ ಅದೇನು ಅಂತ ನೋಡೋ ಚಟ ಇತ್ತು. ಇವಳಿಗೆ ಹಳೇ ಭಯ ಐತೆ. ಅಳ್ತಾ ಮಲಗಿ, ನನ್ನ ತಂಗಿ ನನಗೆ ಸುಳ್ಳು ಹೇಳಿದ್ಲು ಅಂತ ಸೂರು ನೋಡ್ತಾಳೆ.

“ಅಕ್ಕ, ಮಂಗಳವಾರ ನೋವು ಬಂತು,” ಅಂದೆ.

ಅಕ್ಕ ಹಿತುಕೋದು ನಿಲ್ಲಿಸಿದ್ಲು. ಅಷ್ಟರಲ್ಲಿ ವಿಮಾನ ಬಂತು. ಇಬ್ರೂ ಸುಮ್ನೆ ಕೂತ್ವಿ. ಅಂಥ ಉದ್ದದ ವಿಮಾನ ನಾನು ಯಾವತ್ತೂ ಕೇಳಿರ್ಲಿಲ್ಲ. ಅದು ದಾಟಿದ್ಮೇಲೆ ನಾನು ಎಲ್ಲಾನೂ ಹೇಳ್ದೆ, ಮಾತ್ರೆ, ದಿಂಬು, ಕೆಮ್ಮು, ಸರಳು ಹಿಡ್ಕೊಂಡಿದ್ದು, ಶಿಫ್ಟಿನ ಮಾತು, ಏನೂ ಬಿಡ್ಲಿಲ್ಲ.

ಬೈತಾಳೆ ಅಂತ ಕಾಯ್ತಿದ್ದೆ. ಅಕ್ಕ ಮೆಲ್ಲಗೆ ಕೇಳಿದ್ಲು: “ಎಷ್ಟು ನೋವಿತ್ತು?”

“ಹತ್ತಕ್ಕೆ ಏಳು ಅಂದೆ ಡಾಕ್ಟ್ರಮ್ಮಂಗೆ.”

“ಹತ್ತು ಅಂದ್ರೆ ಯಾವ್ದು?”

ಅದು ನನಗೂ ಗೊತ್ತಿರ್ಲಿಲ್ಲ. ಅವರೂ ಹೇಳಿರ್ಲಿಲ್ಲ. ಅಕ್ಕ ಕಾಳಿನ ಮೊರ ಪಕ್ಕಕ್ಕೆ ಸರ್ಸಿ, ಸಂತೇಲಿ ಬದನೆಕಾಯಿ ಆರ್ಸೋಳ ಹಂಗೆ ಕೂತ್ಲು.

“ನಿನ್ನ ಮೊದಲ ಹೆರಿಗೆಯಷ್ಟಾ?”

“ಥೂ, ಅದ್ರ ಕಾಲು ಭಾಗನೂ ಇಲ್ಲ.”

“ಎತ್ತು ಕಾಲು ತುಳಿದಿತ್ತಲ್ಲ?”

“ಅಷ್ಟಿಲ್ಲ.”

“ಚೇಳು?”

ಸೌದೆ ಎತ್ತುವಾಗ ನಮ್ಮಿಬ್ರಿಗೂ ಒಂದೇ ವರ್ಷ ಚೇಳು ಕಡಿದಿತ್ತು, ಅದು ಇಬ್ರಿಗೂ ಗೊತ್ತಿರೋ ನೋವು. “ಚೇಳಿಗಿಂತ ಕಮ್ಮಿ,” ಅಂದೆ. “ಆದ್ರೆ ಕೆಮ್ಮಿದಾಗ ಚೇಳಿನ ಹತ್ರ ಹತ್ರ.”

“ನನ್ನ ಆ ಆಪರೇಷನ್‌ದು?”

“ಅದು ನಿನಗೆ ಗೊತ್ತು, ನನಗೆ ಹೆಂಗೆ ಗೊತ್ತಾಗ್ಬೇಕು? ನೀನು ಕೆಮ್ಮಕ್ಕೇ ಆಗ್ದೆ ಎಷ್ಟು ದಿನ ಮಲಗಿದ್ದೆ, ನಾನು ಬುಧವಾರ ನಡ್ಕೊಂಡು ಬಂದೆ. ಅಷ್ಟು ಹೇಳ್ಬೋದು.”

ಅಕ್ಕ ಎದ್ದು ಒಳಗೆ ಹೋಗಿ ಬಾಗ್ಲು ಹಾಕ್ಕೊಂಡ್ಲು. ಸಾಯಂಕಾಲ ಅವಳ ಮಗ ನನ್ನ ಮುಖ ನೋಡೇ ಏನಾಗೈತೆ ಅಂತ ತಿಳ್ಕೊಂಡ. ನನ್ನ ಚಿಕ್ಕಮ್ಮ ಅಂತ ಕರೆಯೋದೇ ಬಿಟ್ಟ. ನಾನು ಹಿತುಕಿದ ಕಾಳಲ್ಲಿ ಅವತ್ತು ಯಾರೂ ಸಾರು ಮಾಡ್ಲಿಲ್ಲ.

ಮಾರನೇ ದಿನ ಬೆಳಿಗ್ಗೆ ನಾನು ನಲ್ಲೀಲಿ ನೀರು ಹಿಡಿತಿದ್ದೆ. ಅಕ್ಕ ಬಂದು ಬಿಂದಿಗೆ ಸಾಲಲ್ಲಿಟ್ಟು, ನೀರನ್ನೇ ನೋಡ್ತಾ ಅಂದ್ಲು, ಮಾತ್ರೆ ನುಂಗ್ತೀನಿ, ಆದ್ರೆ ಗಡಿಯಾರ ನೋಡೋದು ನಿನ್ನ ಕೆಲಸ. ಮಂಗಳವಾರ ನೀನು ಪಕ್ಕದಲ್ಲಿರ್ಬೇಕು.

ಮಂಗಳವಾರ ನೋಡೋಕೆ ಬರಂಗಿಲ್ವಲ್ಲ ಅಂತ ನಾನು ಕೆಣಕ್ದೆ. ಸೋಮವಾರನೇ ಬಂದು ಅಲ್ಲೇ ಉಳ್ಕೊಂಡ್ರೆ ಮಂಗಳವಾರ ಬಂದಂಗಾಗಲ್ಲ, ಇದ್ದಂಗಾಗ್ತದೆ ಅಂದ್ಲು. ಇಷ್ಟು ಸುಲಭದ ದಾರಿ ನಮ್ಮ ಅತ್ತೆಗೆ ಹೊಳೀದೇ ಇದ್ದಿದ್ದು ಒಳ್ಳೇದೇ ಆಯ್ತು. ಹೊಳೆದಿದ್ರೆ ಪ್ರತಿ ಹೆರಿಗೆಗೂ ಬಂದು ಪಕ್ಕದಲ್ಲೇ ಕೂತಿರೋರು.

ಅಕ್ಕಂಗೆ ಆಪರೇಷನ್ ಮಾಡಿದ್ದು ಅದೇ ಡಾಕ್ಟ್ರು, ಬ್ಲಾಕ್ ಕೊಟ್ಟಿದ್ದು ಅದೇ ಹುಡುಗಿ. ಒಳಗೆ ಹೋಗೋಕ್ ಮುಂಚೆ ಅಕ್ಕ ಅವಳ ಕೈ ಹಿಡ್ಕೊಂಡು, ಇವಳಿಗೆ ಹಾಕ್ದಷ್ಟೇ ಹಾಕ್ಬೇಡಿ, ನಾನು ಎತ್ತರ ಇದ್ದೀನಿ ಅಂದ್ಲು. ತೂಕ ನೋಡಿ ಲೆಕ್ಕ ಹಾಕ್ತೀನಿ ಅಂದ್ಲು ಡಾಕ್ಟ್ರಮ್ಮ. ತೂಕದಲ್ಲಿ ಇವಳೇ ಜಾಸ್ತಿ ಅಂತ ಅಕ್ಕ ನನ್ನ ತೋರ್ಸಿದ್ಲು.

ಸಾಯಂಕಾಲ ಎಚ್ಚರ ಆದ್ಮೇಲೆ ನಾನು ಚಿವುಟಲಾ ಅಂತ ಕೇಳ್ದೆ, ಕೈ ಹತ್ರ ತಂದ್ರೆ ಹೊಡಿತೀನಿ ಅಂದ್ಲು. ಗಂಜಿ ಆದ್ಮೇಲೆ ಮಾತ್ರೆ ಬಂತು. ಒಂದೇ ಒಂದು ಚೂರೂ ನೋವಿಲ್ಲ, ಆದ್ರೂ ಗೂಡಿನ ಹಕ್ಕಿಮರಿ ಥರ ಬಾಯಿ ತೆಗೆದು ನುಂಗಿದ್ಲು. ಮಲಗೋಕ್ ಮುಂಚೆ ಇನ್ನೊಂದು. ನುಂಗಿದ್ಮೇಲೆ ನಾಲಿಗೆ ಎತ್ತಿ ತೋರ್ಸು ಅಂದೆ. ತೋರ್ಸಿದ್ಲು.

ಮಂಗಳವಾರ ಬೆಳಿಗ್ಗೆ ನಾನು ಸ್ಟೂಲ್ ಎಳ್ಕೊಂಡು ಅವಳ ಮುಖದ ಹತ್ರ ಕೂತೆ. ಯಾವ ಕ್ಷಣಕ್ಕೆ ಬರ್ತದೆ, ಯಾವ ಪಕ್ಕೆಗೆ ಮೊದ್ಲು ಬರ್ತದೆ, ಅವಳಿಗೂ ಬಲಗಡೆಯಿಂದ್ಲೇನಾ ಅಂತ ನನಗೆ ತಿಳ್ಕೊಬೇಕಿತ್ತು. ಭಯನೂ ಇತ್ತು. ಕಾಫಿ ಬಂತು, ಹೋಯ್ತು. ಅಕ್ಕನ ಹುಬ್ಬು ಸ್ವಲ್ಪ ಗಂಟಾಯ್ತು.

“ಬಂತಾ?”

“ಬಂತು.”

“ಬಲಗಡೆಯಾ?”

“ಎಡಗಡೆ.”

ಅದು ನಾನು ಅನ್ಕೊಂಡಿರ್ಲಿಲ್ಲ. ಚೇಳಾ ಅಂತ ಕೇಳ್ದೆ. ಅಕ್ಕ ಕಣ್ಣು ಮುಚ್ಕೊಂಡು ಒಳಗೆ ಕಿವಿ ಕೊಟ್ಟಂಗೆ ಮಲಗಿದ್ಲು. ಒಂದ್ಸಲ ಬೇಕಂತ್ಲೇ ಕೆಮ್ಮಿದ್ಲು, ಮುಖ ಹಿಂಡಿ, ಮತ್ತೆ ಬಿಟ್ಲು. ಚೇಳೂ ಅಲ್ಲ, ಎತ್ತೂ ಅಲ್ಲ, ನೀನು ಯಾವಾಗ್ಲೂ ಒಂದಕ್ಕೆ ನಾಲ್ಕು ಸೇರ್ಸಿ ಹೇಳ್ತೀಯ ಅಂದ್ಲು. ಮತ್ತೆ ಯಾವ್ದು ಹೇಳು ಅಂದೆ.

“ಬಳೆಗಾರ ಬಿಗಿ ಬಳೆ ತೊಡಿಸುವಾಗ, ಗೆಣ್ಣು ದಾಟ್ತದಲ್ಲ. ಅಷ್ಟು.”

ಅದನ್ನ ನಾನು ಎಲ್ಲಿಡ್ಬೇಕು ಅಂತ ಮನಸ್ಸಲ್ಲೇ ತೂಗಿ ನೋಡ್ತಿರುವಾಗ ಸಿಸ್ಟರ್ ಬಂದ್ಲು, ಪೆನ್ನು ತೆಗೆದು ಹತ್ತಕ್ಕೆ ಎಷ್ಟು ನೋವು ಅಜ್ಜಿ ಅಂದ್ಲು.

“ಬಳೆಯಷ್ಟು,” ಅಂದ್ಲು ಅಕ್ಕ.

ಸಿಸ್ಟರ್ ನನ್ನ ಮುಖ ನೋಡಿದ್ಲು. “ಮೂರು ಅಂತ ಬರ್ಕೋ ತಾಯಿ,” ಅಂದೆ.

“ಎರಡೂವರೆ,” ಅಂದ್ಲು ಅಕ್ಕ.